ನಾರ್ಮಲ್ ಅಂದ ಹಲ್ಲಿ

ಗುಬ್ಬಿಯ ಹೆಂಡತಿ ಮೂರು ದಿನದಿಂದ ಕಾಳು ಮುಟ್ಟಿರಲಿಲ್ಲ. ಗುಬ್ಬಿ ಹೋಗಿ ಡಾಕ್ಟರ ಕ್ಲಿನಿಕ್ಕಿನ ಗೋಡೆಯ ಹಲ್ಲಿಯನ್ನು ಕೇಳಿತು. ಹಲ್ಲಿ ನುಡಿದದ್ದು ನಿಜವಾಗುತ್ತದೆ ಎಂದು ಊರೆಲ್ಲ ನಂಬಿತ್ತು.

"ಹಲ್ಲಿಯಮ್ಮ, ಅವಳಿಗೆ ರೆಕ್ಕೆ ಎತ್ತಲೂ ಆಗುತ್ತಿಲ್ಲ. ಕೆರೆಯಾಚೆ ಕೊಕ್ಕರೆ ಅಜ್ಜನ ಹತ್ತಿರ ಔಷಧಿ ಇದೆಯಂತೆ. ಹೋಗಿ ತರಲೇ?"

ಹಲ್ಲಿ ಲೊಚಗುಟ್ಟಿತು. "ಅಷ್ಟು ದೂರ ಯಾಕಪ್ಪ? ನಾರ್ಮಲ್."

"ಹಾಗಂದರೆ?"

"ಡಾಕ್ಟರು ದಿನಾ ಅನ್ನುತ್ತಾರೆ. ಕೇಳಿದವರು ನಗುತ್ತಾ ಮನೆಗೆ ಹೋಗುತ್ತಾರೆ. ಇನ್ನೇನು ಬೇಕು ನಿನಗೆ?"

ಗುಬ್ಬಿಯೂ ನಗುತ್ತಾ ಮನೆಗೆ ಹೋಯಿತು. ಹೆಂಡತಿಗೆ ಹೇಳಿತು. ಅವಳೂ ನಕ್ಕಳು. ಬೆಳಿಗ್ಗೆ ಏಳಲಿಲ್ಲ.

ಗುಬ್ಬಿ ಮತ್ತೆ ಕ್ಲಿನಿಕ್ಕಿಗೆ ಬಂದಾಗ ಗೋಡೆಯ ಹತ್ತಿರ ಮೈನಾ ಕೂತಿತ್ತು. ಅದರ ಮರಿಗೆ ಜ್ವರ. ಹಲ್ಲಿ "ನಾರ್ಮಲ್" ಅಂದಿತು.

"ನಂಬಬೇಡ ಅಕ್ಕ, ಅದಕ್ಕೆ ಆ ಮಾತಿನ ಅರ್ಥವೇ ಗೊತ್ತಿಲ್ಲ. ಕೊಕ್ಕರೆ ಹತ್ತಿರ ಹೋಗು. ನನ್ನವಳು ಹೋಗಿಬಿಟ್ಟಳು."

"ಒಳ್ಳೆ ಮಾತು ಕೇಳಿ ಹೊರಟಿದ್ದೇನೆ. ಅಡ್ಡಬಾಯಿ ಹಾಕಬೇಡ, ಹೋಗಯ್ಯ" ಎಂದು ಮೈನಾ ಮನೆ ಕಡೆಗೇ ಹಾರಿತು.

ಗುಬ್ಬಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ನಿನ್ನೆ ಯಾರಾದರೂ ತಡೆದಿದ್ದರೆ ತಾನೂ ಹೀಗೇ ಬೈದು ಹೋಗುತ್ತಿತ್ತು.