ನೀಲಗಂಗವ್ವ ಉಡಿ ತುಂಬಿದ ದಿನ

ಬಹಳ ಹಿಂದೆ, ಹೊಳೆ ಇನ್ನೂ ಊರಿನ ಆಚೆ ಮಗ್ಗುಲಲ್ಲಿ ಹರಿಯುತ್ತಿದ್ದ ಕಾಲದಲ್ಲಿ, ಕುಂದರಹಾಳ ಎಂಬ ನೇಕಾರರ ಊರಿತ್ತಂತೆ. ಬೇರೆ ಯಾವುದೋ ಅಲ್ಲ, ನೀವೀಗ ಕಾಲು ಚಾಚಿ ಕೂತಿದ್ದೀರಲ್ಲ, ಇದೇ ಊರು. ಮನೆಮನೆಯಲ್ಲೂ ಮಗ್ಗ. ಗಂಡಸರು ನೇಯುತ್ತಿದ್ದರು, ಹೆಂಗಸರು ನೂಲು ಸುತ್ತುತ್ತಿದ್ದರು. ಸುತ್ತಿದ್ದಕ್ಕೆ ನಾಲ್ಕು ಕಾಸು ಸಿಗುತ್ತಿತ್ತು. ಅದನ್ನು ಇಡುವುದೆಲ್ಲಿ ಎಂಬುದೇ ದೊಡ್ಡ ಪೇಚಾಟ. ಜೋಳದ ಗಡಿಗೆಯಲ್ಲಿಟ್ಟರೆ ಗಂಡನ ಕೈ ಹೋಗುತ್ತಿತ್ತು, ಒಲೆಯ ಹಿಂದಿಟ್ಟರೆ ಅತ್ತೆಯ ಕಣ್ಣು ಬೀಳುತ್ತಿತ್ತು, ಗೋಡೆಯ ಬಿರುಕಿನಲ್ಲಿಟ್ಟರೆ ಇಲಿ ಎಳೆದುಕೊಂಡು ಹೋಗುತ್ತಿತ್ತು. ಇಲಿಗೆ ಕಾಸು ಯಾಕೆ ಬೇಕೋ, ಅದನ್ನೇ ಕೇಳಬೇಕು.

ಆ ಊರಿನಲ್ಲಿ ನೀಲಗಂಗವ್ವ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಸಂಗಪ್ಪ ಮಾತೇ ಆಡದ ಮನುಷ್ಯ, ಅವನ ಪಾಲಿನದನ್ನೂ ಸೇರಿಸಿ ಇವಳೇ ಆಡುತ್ತಿದ್ದಳು. ಒಂದು ದಿನ ಪಕ್ಕದ ಓಣಿಯ ತಿಪ್ಪವ್ವ ಅಳುತ್ತ ಬಂದಳು. ಊರಿಗೇ ಬಾಯಿಬಡುಕಿ ಆ ತಿಪ್ಪವ್ವ, ಅವಳು ಅಳುವುದೆಂದರೆ ಸಣ್ಣ ಮಾತಲ್ಲ. ಕೂಡಿಟ್ಟ ಕಾಸನ್ನು ಗಂಡ ಇಸ್ಪೀಟಿಗೆ ಹಾಕಿದ್ದ. ಉಳಿದದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ನೀಲಗಂಗವ್ವ ಅದನ್ನು ತನ್ನ ಸಂದೂಕದಲ್ಲಿಟ್ಟುಕೊಂಡಳು. ಮರುದಿನ ಇನ್ನೊಬ್ಬಳು ಬಂದಳು, ಸಂತೆಯ ದಿನ ಇಡೀ ಓಣಿಯೇ ಬಂತು. ಹೀಗೆ ಶುರುವಾಯಿತಂತೆ.

ಬರಿ ಇಟ್ಟುಕೊಂಡಿದ್ದರೆ ಅವಳ ಹೆಸರನ್ನು ಇವತ್ತು ಯಾರು ಹೇಳುತ್ತಿದ್ದರು? ಅವಳು ಗಂಟಿನ ಒಡತಿಯರನ್ನು ಕೂರಿಸಿಕೊಂಡು, ನಿಮ್ಮ ಕಾಸು ಸಂದೂಕದಲ್ಲಿ ಸುಮ್ಮನೆ ನಿದ್ದೆ ಮಾಡುತ್ತಿದೆ, ಮಗ್ಗ ಮುರಿದು ಕೂತವರಿಗೆ ಕೊಡಲೇ ಎಂದು ಕೇಳಿದಳು. ಒಪ್ಪಿದರು. ಮಗ್ಗ ಎದ್ದಿತು, ಸೀರೆ ಮಾರಾಟವಾಯಿತು, ಕೊಟ್ಟ ಕಾಸು ಮೇಲಿಷ್ಟು ಸೇರಿಸಿಕೊಂಡು ಮನೆಗೆ ಬಂತು. ತಿಪ್ಪವ್ವನ ಗಂಟು ಮರಿ ಹಾಕಿತು ಎಂದು ಊರೆಲ್ಲ ನಕ್ಕಿತಂತೆ. ತಿಪ್ಪವ್ವ ಮಾತ್ರ ನಗಲಿಲ್ಲ, ಮರಿಯನ್ನು ಎಣಿಸಿ ನೋಡಿಕೊಂಡಳು.

ಆದರೆ ನೀಲಗಂಗವ್ವನ ಮನಸ್ಸಿನಲ್ಲಿ ಬೇರೆಯೇ ಒಂದು ಕೊರಗಿತ್ತು. ನೇಕಾರರ ಮನೆಯಲ್ಲಿ ಜಾಗವನ್ನೆಲ್ಲ ಮಗ್ಗವೇ ತಿನ್ನುತ್ತಿತ್ತು. ಹೆರಿಗೆ ನೋವು ಬಂದವಳು ದನದ ಕೊಟ್ಟಿಗೆಗೆ ಹೋಗಬೇಕು. ನೀಲಗಂಗವ್ವನ ಚೊಚ್ಚಲ ಕೂಸೂ ಹಾಗೆಯೇ ಕೊಟ್ಟಿಗೆಯ ಥಂಡಿಯಲ್ಲಿ ಹುಟ್ಟಿ, ಥಂಡಿಯಲ್ಲೇ ಹೋಗಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಮೇಲೆ ಬಂದ ಕಾಸಿನಲ್ಲಿ ತನ್ನ ಪಾಲಿನದನ್ನೆಲ್ಲ ಹಾಕಿ, ಸಾಲದ್ದಕ್ಕೆ ಒಡತಿಯರನ್ನು ಕೇಳಿ ಅವರ ಗಂಟಿನಿಂದಲೂ ಒಂದಿಷ್ಟು ತೆಗೆದು, ಊರ ಮಧ್ಯೆ ಒಂದು ಬಾಣಂತಿ ಮನೆ ಕಟ್ಟಿಸತೊಡಗಿದಳಂತೆ. ಗೋಡೆ ಎದ್ದಿತ್ತು, ಮೇಲೆ ಮಾಳಿಗೆ ಹೊದಿಸುವುದೊಂದು ಬಾಕಿ.

ಆಗಲೇ ನಾಯಿ ಬಂತು ನೋಡಿ.

ನೀಲಗಂಗವ್ವನ ಬಾಗಿಲಿಗೆ ಎಂದೂ ಬೀಗವೆಂಬುದೇ ಇರಲಿಲ್ಲ. ಊರಿನ ಕಾಸೆಲ್ಲ ಒಳಗಿದ್ದರೂ ಅಷ್ಟೇ. ಓಣಿಯ ಕೆಂದನಾಯಿ ಒಂದು ರುಚಿ ಕಂಡುಕೊಂಡು, ದಿನವೂ ಒಳಗೆ ನುಗ್ಗಿ ಸಂಗಪ್ಪನ ರೊಟ್ಟಿ ಹೊತ್ತೊಯ್ಯತೊಡಗಿತು. ಮಾತೇ ಆಡದ ಸಂಗಪ್ಪ ಅವತ್ತು ಬಾಯಿ ಬಿಟ್ಟ. "ಬೀಗ ಹಾಕು" ಅಂದ. ಅವಳು ಸಂತೆಯಿಂದ ಒಂದು ಬೀಗ ತಂದು ಹಾಕಿ, ಬಾಣಂತಿ ಮನೆಯ ತೊಲೆ ನೋಡಲು ಹೋದಳು.

ಬೀಗ ಕಂಡದ್ದೇ ತಡ, ಊರಿನ ಎದೆ ಒಡೆಯಿತು. ಬೀಗವಿಲ್ಲದ ಮನೆಗೆ ಬೀಗ ಬಿತ್ತೆಂದರೆ ಒಳಗೆ ಏನೋ ಆಗಿದೆ. ಕಾಸೆಲ್ಲ ಗೋಡೆಗೆ ಸುರಿದಳಂತೆ, ಸಂದೂಕ ಬರಿದಾಯಿತಂತೆ, ಇವತ್ತೇ ಊರು ಬಿಡುತ್ತಾಳಂತೆ. ಅಂತೆಗಳಿಗೆ ಕಾಲು ಬಂದವು. ನೀಲಗಂಗವ್ವ ತಿರುಗಿ ಬರುವಷ್ಟರಲ್ಲಿ ಓಣಿ ತುಂಬ ಹೆಂಗಸರು. ಎಲ್ಲರ ಮುಂದೆ, ಕೂದಲಲ್ಲಿ ನೂಲಿನ ಎಳೆ ಸಿಕ್ಕಿಸಿಕೊಂಡೇ ಓಡಿಬಂದ ತಿಪ್ಪವ್ವ.

"ಏನವಾ ಎಲ್ಲಾರೂ ಕೂಡೇ ಬಂದೀರಿ?" ಅಂದಳು ನೀಲಗಂಗವ್ವ.

ಮುಖ ನೋಡಿ ನಿಜ ಹೇಳಲಾರದೆ ಒಬ್ಬೊಬ್ಬಳೂ ಒಂದೊಂದು ನೆಪ ತೆಗೆದಳು. ಒಬ್ಬಳ ಮಗಳು ಬರುತ್ತಾಳಂತೆ, ಒಬ್ಬಳು ಎಮ್ಮೆ ಕೊಳ್ಳಬೇಕಂತೆ. ತಿಪ್ಪವ್ವ ಮಾತ್ರ ನೆಲ ನೋಡುತ್ತ, "ನಮ್ಮ ಗಂಟು ಕೊಟ್ಟಬಿಡು" ಅಂದಳು.

ನೀಲಗಂಗವ್ವನಿಗೆ ಹೆದರಿಕೆಯಾಯಿತು. ಸಂದೂಕದಲ್ಲಿದ್ದದ್ದು ಮುಂದೆ ನಿಂತ ಕೆಲವರಿಗಷ್ಟೇ ಸಾಕು. ಉಳಿದದ್ದು ಮಗ್ಗಗಳಲ್ಲಿತ್ತು, ಗೋಡೆಯಲ್ಲಿತ್ತು. ಎಲ್ಲರಿಗೂ ಇವತ್ತೇ ಕೊಡಬೇಕೆಂದರೆ ನೇಯುತ್ತಿದ್ದ ಹಾಸುನೂಲು ಕತ್ತರಿಸಿ ಮಗ್ಗ ಮಾರಬೇಕು, ತೊಲೆ ಮಾರಬೇಕು. ಬಾಣಂತಿ ಮನೆ ಮಾಳಿಗೆಯಿಲ್ಲದೆ ನಿಂತುಬಿಡುತ್ತದೆ. ಆದರೂ ಇಲ್ಲ ಅನ್ನಲಿಲ್ಲ. "ಕೊಡತೇನಿ. ಖರೆ ನಮ್ಮ ಮನಿಯಿಂದ ಹೆಣ್ಣಮಕ್ಕಳು ಬರಿ ಉಡಿಲೆ ಹೋಗಬಾರದು" ಎಂದು ಬಾಗಿಲು ತೆಗೆದಳು.

ಮಾಳಿಗೆ ಕೆಲಸದವರ ಊಟಕ್ಕೆಂದು ಇಟ್ಟಿದ್ದ ಅಕ್ಕಿಯ ಚೀಲವನ್ನು ಎಳೆದು ತಂದಳು. ತಿಪ್ಪವ್ವನಿಗೆ ಮಣೆ ಹಾಕಿ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ತವರಿನಿಂದ ಹೊರಟ ಮಗಳಿಗೆ ಮಡಿಲು ತುಂಬುವ ಹಾಗೆ ಉಡಿ ತುಂಬಿದಳು. ಅಕ್ಕಿ, ಅರಿಷಿಣದ ಬೇರು, ಅಡಿಕೆ, ಅದರ ಮೇಲೆ ಗಂಟು ಬಿಚ್ಚಿ ಕಾಸೆಲ್ಲ ಸುರಿದಳು.

ಈಗ ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಉಡಿ ತುಂಬಿಸಿಕೊಂಡವಳು ಏಳುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಆ ಮನೆಯ ಮೊರಕ್ಕೆ ಹಾಕಬೇಕು, ತವರುಮನೆ ತುಂಬಿರಲಿ ಎಂದು. ಹಿಡಿಯೊಳಗೆ ಏನು ಬಂತೆಂದು ನೋಡಬಾರದು. ಹುಟ್ಟಿದಾಗಿನಿಂದ ಬಂದ ರೂಢಿ, ಕೈ ತಾನೇ ಹೋಗುತ್ತದೆ. ತಿಪ್ಪವ್ವನ ಕೈಯೂ ಹೋಯಿತು. ಮುಷ್ಟಿ ತುಂಬ ತೆಗೆದು ಮೊರಕ್ಕೆ ಹಾಕಿದಳು. ಅಕ್ಕಿಯ ಜೊತೆ ಕಾಸೂ ಝಣಝಣ ಬಿದ್ದವು.

ಓಣಿಯೆಲ್ಲ ಉಸಿರು ಬಿಗಿಹಿಡಿದು ನೋಡಿತು. ತಿಪ್ಪವ್ವನ ಮುಖ ಕೆಂಪಾಯಿತು. ಕಾಸು ನೋಡಿದಳು, ನೀಲಗಂಗವ್ವನನ್ನು ನೋಡಿದಳು.

"ಬಿದ್ದದ್ದ ಬಿತ್ತು. ತವರುಮನಿ ಮೊರದಾಗಿಂದ ಯಾರರ ತಿರುಗಿ ತಗೀತಾರೇನು?" ಅಂದಳು ತಿಪ್ಪವ್ವ.

ಎರಡನೆಯವಳು ಕೂತಳು, ಅವಳೂ ಹಿಡಿ ಹಾಕಿದಳು. ಮೂರನೆಯವಳೂ ಹಾಕಿದಳು. ಸಂದೂಕ ಬರಿದಾದಾಗ ನೀಲಗಂಗವ್ವ ಮೊರದಲ್ಲಿ ಬಿದ್ದದ್ದನ್ನೇ ಎತ್ತಿ ಮುಂದಿನವಳ ಉಡಿಗೆ ಹಾಕಿದಳು. ಹಿಂದೆ ನಿಂತವರಿಗೆ ಕಂಡದ್ದು ಮೊರ ಮಾತ್ರ. ಎಷ್ಟು ಕೊಟ್ಟರೂ ಅದು ತುಂಬಿಯೇ ಇತ್ತು.

ತಿಪ್ಪವ್ವ ಕಟ್ಟೆಯ ಮೇಲೆ ಕೂತವಳು ತಡೆಯಲಾರದೆ ಕೇಳಿಯೇಬಿಟ್ಟಳು. "ಎಲ್ಲಾ ಇಲ್ಲೇ ಐತಿ ಅಂದಮ್ಯಾಲ ಬೀಗ ಯಾಕ ಜಡದೀಯವಾ?"

"ಬೀಗ? ಕೆಂದನಾಯಿಗೆ! ನಮ್ಮವರ ರೊಟ್ಟಿ ಒಂದೂ ಬಿಡವಲ್ದು!"

ಮೊದಲು ಒಬ್ಬಳು ನಕ್ಕಳು. ಆಮೇಲೆ ಓಣಿಗೆ ಓಣಿಯೇ ನಕ್ಕಿತು, ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಳಗಿದ್ದ ಸಂಗಪ್ಪನೂ ನಕ್ಕ ಅನ್ನುತ್ತಾರೆ, ನಾನದನ್ನು ನಂಬುವುದಿಲ್ಲ. ತಿಪ್ಪವ್ವ ಎದ್ದು ಬಂದು ಉಡಿಯನ್ನೆಲ್ಲ ಮೊರಕ್ಕೆ ಕೊಡವಿದಳು. ಉಳಿದವರೂ ಕೊಡವಿದರು. ಅಕ್ಕಿ ಯಾವುದು, ಕಾಸು ಯಾವುದು ಎಂದು ಆರಿಸಲು ಸಂಜೆಯವರೆಗೂ ಹತ್ತಿತಂತೆ. ಆ ಅಕ್ಕಿಯಲ್ಲೇ ಕೆಲಸದವರಿಗೆ ಊಟವಾಗಿ, ಮಳೆಗಾಲಕ್ಕೆ ಮುಂಚೆ ಬಾಣಂತಿ ಮನೆಗೆ ಮಾಳಿಗೆ ಹಾಕಿದ್ದಾಯಿತು.

ಪದ್ಧತಿ ಗೊತ್ತಿದ್ದೇ ಅವಳು ಉಪಾಯ ಮಾಡಿದಳು ಅಂತ ಕೆಲವರು. ಇಲ್ಲ, ಬರಿ ಉಡಿಯಲ್ಲಿ ಕಳಿಸಬಾರದೆಂದಷ್ಟೇ ತುಂಬಿದಳು ಅಂತ ಕೆಲವರು. ನನ್ನನ್ನು ಕೇಳಿದರೆ, ಎರಡೂ ಇರಬೇಕು.

ಈಗ ಊರಿಗೆ ದೊಡ್ಡ ಬ್ಯಾಂಕೇ ಬಂದಿದೆ, ಫ್ಯಾನು ತಿರುಗುತ್ತದೆ. ಆದರೂ ನಮ್ಮ ಹೆಂಗಸರು ದುಡ್ಡು ತೆಗೆದ ಮೇಲೆ ಒಂದಿಷ್ಟನ್ನು ಎಣಿಸದೆ ಕೌಂಟರಿನ ಪಕ್ಕದ ಮೊರಕ್ಕೆ ಹಾಕಿಯೇ ಹೊರಡುತ್ತಾರೆ. ಹೊಸದಾಗಿ ಬಂದ ಮ್ಯಾನೇಜರು ಮೊರ ಕಂಡು ಮೊದಲು ಗಾಬರಿಯಾಗುತ್ತಾನೆ, ಆಮೇಲೆ ಅವನೂ ಹಾಕುತ್ತಾನೆ. ಅದೆಲ್ಲ ಬಾಣಂತಿ ಮನೆಗೆ ಹೋಗುತ್ತದೆ. ಅಲ್ಲಿ ಹುಟ್ಟಿದ ಕೂಸನ್ನು ಮೊದಲು ಮೊರದಲ್ಲಿ ಮಲಗಿಸುತ್ತಾರೆ. ಕೂಸಿನ ಮುಷ್ಟಿ ಮುಚ್ಚಿಕೊಂಡೇ ಇರುತ್ತದಲ್ಲ, ಅದನ್ನು ಯಾರೂ ಬಿಡಿಸುವುದಿಲ್ಲ. ಸೂಲಗಿತ್ತಿ ಕೂಸಿನ ಕಿವಿಯ ಹತ್ತಿರ ಬಗ್ಗಿ ಹೇಳುತ್ತಾಳೆ: "ನೀಲಗಂಗವ್ವಗ ಹಿಡಿ ತಂದೀಯೇನು? ಹಾಕು, ತವರುಮನಿ ತುಂಬಿರಲಿ."