ಶಿವನಂಜಪ್ಪ ಅಳೆದ ಒಲೆಯ ಕಾವು

ಬೆಟ್ಟದ ಮೇಲಿನ ಒಂದು ಊರಲ್ಲಿ ಶಿವನಂಜಪ್ಪ ಅಂತ ಒಬ್ಬನಿದ್ದ. ಹವಾಮಾನ ಕಚೇರಿಯಲ್ಲಿ ಚಳಿ, ಮಳೆ, ಬಿಸಿಲು ಅಳೆದು ಅಳೆದೇ ತಲೆ ನೆರೆಸಿಕೊಂಡು ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸಂಜೆಯಾದರೆ ಸಾಕು, ಮನೆ ಬಿಕೋ ಅನ್ನುತ್ತಿತ್ತು. ಆ ಊರಿನ ಚಳಿಯೋ, ಮೂಳೆಗೇ ಇಳಿಯುವಂಥದ್ದು.

ಅವನು ಪೇಟೆಯಿಂದ ಸೌದೆ ಉರಿಸುವ ಕಬ್ಬಿಣದ ಒಲೆಯೊಂದನ್ನು ತರಿಸಿದ. ಅಂಥ ಒಲೆಯನ್ನು ಅವನು ಹಿಂದೆಂದೂ ಇಟ್ಟುಕೊಂಡವನಲ್ಲ. ಮೈ ಬೆಚ್ಚಗಿರಲಿ ಅಂತ ತರಿಸಿದೆ ಎಂದು ಎಲ್ಲರಿಗೂ ಹೇಳಿದ. ಒಲೆಯ ನೆಪದಲ್ಲಾದರೂ ನಾಲ್ಕು ಜನ ಬಂದು ಕೂರಲಿ ಅನ್ನುವ ಆಸೆಯನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಹೊಸ ಒಲೆ ಎಷ್ಟು ಕಾವು ಕೊಡುತ್ತೆ ನೋಡಬೇಕಲ್ಲ? ಎದುರು ಗೋಡೆಗೆ ಥರ್ಮಾಮೀಟರ್ ತೂಗುಹಾಕಿದ. ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಥರ್ಮಾಮೀಟರ್ ಹತ್ತಿರ ಯಾರೂ ಸುಳಿಯಬಾರದು, ಮನುಷ್ಯರ ಮೈಬಿಸಿ ತಾಗಿದರೆ ಅಳತೆ ಕೆಡುತ್ತದೆ. ಪುಣ್ಯಾತ್ಮ ಅದನ್ನು ಮನೆಗೂ ತಂದುಬಿಟ್ಟ.

ಮೊದಲ ಸಂಜೆ ಪಕ್ಕದ ಮನೆಯ ಪುಟ್ಟಲಿಂಗಮ್ಮ ಬಂದಳು. ಬಟ್ಟಲಲ್ಲಿ ಬೇಯಿಸಿದ ಕಡಲೆಕಾಯಿ ತಂದಿದ್ದಳು. ಒಲೆಯ ಮುಂದೆ ಕೂತು ಕೈ ಚಾಚಿದಳಷ್ಟೆ.

"ಅಕ್ಕ, ಸ್ವಲ್ಪ ಆ ಮೂಲೆಗೆ ಕೂತ್ಕೊಳಿ. ಇಲ್ಲಿದ್ರೆ ಅಳತೆ ಸರಿಯಾಗಿ ಸಿಗಲ್ಲ" ಅಂದ ಶಿವನಂಜಪ್ಪ.

ಪಾಪ, ಅವಳು ತಣ್ಣನೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋದಳು. ಮರುದಿನ ಎದುರು ಮನೆಯ ದರ್ಜಿ ಮತ್ತು ಅವನ ಹೆಂಡತಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ, "ಬೇಗ ಬಾಗಿಲು ಹಾಕಿ, ಕಾವು ಇಳೀತಿದೆ" ಅಂತ ಗದರಿದ. ಅವರೂ ಮತ್ತೆ ಅತ್ತ ತಲೆ ಹಾಕಲಿಲ್ಲ.

ಈಗ ಅಳತೆ ಬಲು ಚೆನ್ನಾಗಿ ಸಿಕ್ಕಿತು. ಪಾದರಸ ಅಲ್ಲಾಡದೆ ನಿಂತಿತು. ಆದರೂ ಶಿವನಂಜಪ್ಪನಿಗೆ ಚಳಿ. ಇನ್ನಷ್ಟು ಸೌದೆ ತುರುಕಿದ, ಪಾದರಸ ಏರಿತು, ಚಳಿ ಹೋಗಲಿಲ್ಲ. ಮಾತಾಡಿಸುವವರಿಲ್ಲದೆ ಉರಿಯನ್ನೇ ನೋಡುತ್ತ ಕೂತು ಕೂತು ಅವನಿಗೆ ಅಳು ಬಂದಂತಾಯಿತು. ಥರ್ಮಾಮೀಟರ್ ಕೆಟ್ಟಿರಬೇಕು, ಬೇರೆ ಒಲೆಯ ಮುಂದೆ ಇಟ್ಟು ನೋಡೋಣ ಅಂದುಕೊಂಡು ಪುಟ್ಟಲಿಂಗಮ್ಮನ ಮನೆಗೆ ನಡೆದ.

ಅಲ್ಲಿ ಮಣ್ಣಿನ ಒಲೆ. ಮನೆ ತುಂಬ ಹೊಗೆ, ಬಾಗಿಲು ಹಾರುಹೊಡೆದಿತ್ತು. ದರ್ಜಿ ದಂಪತಿ ಏನನ್ನೋ ಹೇಳಿಕೊಂಡು ನಗುತ್ತ ಕೂತಿದ್ದರು. ಇವನನ್ನು ಕಂಡದ್ದೇ ಸರಿದು ಜಾಗ ಬಿಟ್ಟರು. ಅವನು ಥರ್ಮಾಮೀಟರನ್ನು ಒಲೆಯೆದುರಿನ ಗೋಡೆಯ ಗೂಡಲ್ಲಿಟ್ಟು ಅವರ ನಡುವೆ ಕೂತ. ಮಾತು ಮಾತಲ್ಲಿ ಮಫ್ಲರ್ ಬಿಚ್ಚಿದ, ಆಮೇಲೆ ಸ್ವೆಟರನ್ನೂ ತೆಗೆದ.

ಎದ್ದು ನೋಡಿದರೆ ಪಾದರಸ ಅವನ ಮನೆಯಲ್ಲಿ ಇದ್ದದ್ದಕ್ಕಿಂತ ಎಷ್ಟೋ ಕೆಳಗಿತ್ತು. ಒರೆಸಿ ಮತ್ತೆ ನೋಡಿದ. ಥರ್ಮಾಮೀಟರ್ ಸರಿಯಾಗೇ ಇತ್ತು. ಆಗ ತನ್ನ ಕೈಲಿದ್ದ ಸ್ವೆಟರ್ ಕಡೆ ನೋಡಿದ, ಪುಟ್ಟಲಿಂಗಮ್ಮನ ಕಡೆ ತಿರುಗಿದ.

"ನಾಳೆ ಎಲ್ಲಾರೂ ನಮ್ಮನೆಗೆ ಬನ್ನಿ ಅಕ್ಕ."

"ಬಂದು ಎಲ್ಲಪ್ಪ ಕೂರೋದು? ಮೊದಲು ಅದನ್ನ ಹೇಳು."

"ಒಲೆ ಪಕ್ಕದಲ್ಲೇ."

ಪುಟ್ಟಲಿಂಗಮ್ಮ ಒಲೆಗೆ ಇನ್ನೊಂದು ಸೌದೆ ತಳ್ಳಿದಳು. "ಬೇಜಾರು ಮಾಡ್ಕೋಬೇಡ ಕಣಪ್ಪ. ಇವರಿಗೆಲ್ಲ ಇಲ್ಲೇ ರೂಢಿಯಾಗೋಯ್ತು. ನೀನೇ ಇಲ್ಲಿಗೆ ಬಾ."

ಅಂದಿನಿಂದ ಶಿವನಂಜಪ್ಪ ದಿನಾ ಸಂಜೆ ತನ್ನ ಸೌದೆಯನ್ನು ತೋಳ ತುಂಬ ಹೊತ್ತು ಅವಳ ಮನೆಗೆ ಹೋಗತೊಡಗಿದ. ವಾಪಸು ಬಂದು ಬೀಗ ತೆಗೆದಾಗ ಒಮ್ಮೊಮ್ಮೆ ತನ್ನ ಒಲೆಯನ್ನು ಮುಟ್ಟಿ ನೋಡುತ್ತಿದ್ದ. ಅದು ತಣ್ಣಗಿರುತ್ತಿತ್ತು.

ನೀತಿ: ಮನೆ ಬೆಚ್ಚಗಿರಬೇಕಾದರೆ ಬಂದವರನ್ನು ಹತ್ತಿರ ಕೂರಿಸಿಕೊಳ್ಳಿ. ಅಳತೆ ಕೆಡಬಾರದೆಂದು ಜನರನ್ನು ದೂರ ಮಾಡಿದವನಿಗೆ ಕೊನೆಗೆ ಉಳಿಯುವುದು ಅಳತೆಯೊಂದೇ.