ಮೈನಸ್ಸಿನ ಉಪಕಾರ

ಹೊಸದಾಗಿ ಕಲಿಯುತ್ತಿದ್ದ ಶಮಿತಾ ತನ್ನ ಪುಟ್ಟ ರೋಬೋಟಿನ ಎಡಚಕ್ರದ ಮೋಟಾರಿಗೆ ವೈರುಗಳನ್ನು ಅದಲುಬದಲಾಗಿ ಜೋಡಿಸಿದ್ದಳು. ಚಕ್ರ ಪಾಪ, ಹಿಂದಕ್ಕೇ ತಿರುಗಿತು. ವೈರು ಬಿಚ್ಚುವ ಗೋಜಿಗೆ ಹೋಗದೆ ಅವಳು ಪ್ರೋಗ್ರಾಮಿನಲ್ಲಿ ಒಂದು ಮೈನಸ್ ಗುರುತು ಹಾಕಿದಳು. ಚಕ್ರ ಮುಂದಕ್ಕೆ ತಿರುಗಿತು.

ಒಂದು ದಿನ ಮೇಷ್ಟ್ರು ವೈರುಗಳನ್ನು ಸರಿಪಡಿಸಿದರು. ಚಕ್ರ ಮೈನಸ್ಸಿಗೆ ಹೇಳಿತು:

“ಮೈನಸ್ಸಣ್ಣ, ಇನ್ನು ನೀನು ಹೊರಡು. ನೀನಿದ್ದರೆ ನಾನು ಮತ್ತೆ ಹಿಂದಕ್ಕೆ ತಿರುಗುತ್ತೇನೆ.”

“ನಿನ್ನನ್ನು ದಾರಿಗೆ ತಂದವನು ನಾನು. ಹತ್ತಿದ ಏಣಿಯನ್ನೇ ಒದೆಯುತ್ತೀಯಾ?” ಎಂದು ಮೈನಸ್ ಗದರಿ, ಅಲ್ಲೇ ಉಳಿಯಿತು.

ಶಮಿತಾ ಚಾಲೂ ಮಾಡಿದ ಕೂಡಲೇ ಬಲಚಕ್ರ ಮುಂದಕ್ಕೂ ಎಡಚಕ್ರ ಹಿಂದಕ್ಕೂ ತಿರುಗಿ, ರೋಬೋಟು ಗರಗರನೆ ಸುತ್ತಿ ಮೇಜಿನಿಂದ ಬಿತ್ತು. ಎಡಚಕ್ರ ಎರಡು ಹೋಳಾಯಿತು.

ಶಮಿತಾ ಪ್ರೋಗ್ರಾಮನ್ನು ನೋಡಿದಳು. ನಿನ್ನೆಯವರೆಗೂ ಚೆನ್ನಾಗಿಯೇ ಓಡಿತ್ತಲ್ಲ! “ಮೇಷ್ಟ್ರೇ ಕೆಡಿಸಿದ್ದು,” ಎಂದು ಗೊಣಗಿ, ಹೊಸ ಚಕ್ರ ತಂದು, ಅದರ ವೈರುಗಳನ್ನು ಜೋಪಾನವಾಗಿ ಅದಲುಬದಲು ಮಾಡಿ ಜೋಡಿಸಿದಳು.